ನೀನು ಒಲ್ಲೆ ಎಂದ ಮೂರನೇ ಮಹಡಿಯ ಮನೆ

ಗೌರಕ್ಕಾ,

ನಾನು ಯಾರೆಂದು ನಿನಗೆ ಗೊತ್ತಿಲ್ಲ. ಹೆಸರು ಸುಮಂಗಲ, ತವರು ಕಾನಹೊಸಹಳ್ಳಿ. ನೀನು ತೀರಿಕೊಂಡ ಎರಡು ವರ್ಷಕ್ಕೆ ನಿನ್ನ ಗಂಡನನ್ನು ಮದುವೆಯಾಗಿ ಹರಪನಹಳ್ಳಿಗೆ ಬಂದವಳು.

ಬಂದ ದಿನವೇ ನೀನು ಜೋಡಿಸಿಟ್ಟಿದ್ದ ಡಬ್ಬಿಗಳಿಂದ ಬೇಳೆ ತೆಗೆದು ಅಡುಗೆ ಮಾಡಿದೆ. ಪುಂಡಿಪಲ್ಯ ಬಡಿಸಿದರೆ ಅವರು ಎರಡು ತುತ್ತು ತಿಂದು ಎದ್ದು ಕೈ ತೊಳೆದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಓಣಿಯ ಹೆಂಗಸರಂತೂ ‘ಗೌರಮ್ಮ ಇದ್ದಾಗ ಈ ಮನಿ ನೋಡಬೇಕಿತ್ತು’ ಎಂದು ನನ್ನ ಮುಂದೆಯೇ ಹೇಳುತ್ತಿದ್ದರು. ಬದುಕಿರುವವಳಾದರೆ ಜಗಳ ಮಾಡಬಹುದು. ನಿನ್ನ ಜೊತೆ ಹೇಗೆ ಮಾಡಲಿ? ಸತ್ತವಳ ಮೇಲೆ ಹೊಟ್ಟೆಕಿಚ್ಚು ಎಂದರೆ ಜನ ಉಗಿಯುವುದಿಲ್ಲವೇ? ಅದಕ್ಕೇ ಯಾರಿಗೂ ಹೇಳಿಲ್ಲ, ನಿನಗೇ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಮನೆಯ ಮಾಲೀಕ ಬಂದು, ಕೆಡವಿ ಅಂಗಡಿ ಕಟ್ಟಿಸುತ್ತೇನೆ, ಖಾಲಿ ಮಾಡಿ ಎಂದ. ಅವರ ಮುಖ ಸಣ್ಣಗಾಯಿತು. ನಿನ್ನ ಮಗಳು ಕಾವ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ. ನೀನಿಲ್ಲದ ಒಂದು ಮನೆ! ದಾವಣಗೆರೆ ರಸ್ತೆಯಲ್ಲಿ ಲಿಫ್ಟ್ ಇರುವ ಹೊಸ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲೇ ಒಂದು ಫ್ಲ್ಯಾಟ್ ಕೊಳ್ಳೋಣ ಎಂದೆ.

ಮರುದಿನ ಅವರು ಮೋಟರ್ ರಿವೈಂಡಿಂಗ್ ಅಂಗಡಿಗೆ ಬೀಗ ಹಾಕಿ, ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟರು. ನಿಂತದ್ದು ಹಳೇ ಎಣ್ಣೆ ಮಿಲ್ಲಿನ ಓಣಿಯಲ್ಲಿ. ನೀನು ಈಗ ನೋಡಿದರೆ ಗುರುತು ಹಿಡಿಯುವುದಿಲ್ಲ. ಮಿಲ್ಲಿದ್ದ ಜಾಗದಲ್ಲಿ ಸ್ಕೂಟರ್ ಶೋರೂಮ್ ಬಂದಿದೆ, ಎದುರಿಗೆ ಜಿಮ್. ಹಿಂಡಿಯ ವಾಸನೆ ಹೋಗಿ ಬೇಕರಿಯ ವಾಸನೆ ಬಂದಿದೆ. ನಡುವೆ ಆ ನಾಲ್ಕು ಮಹಡಿಯ ಕಟ್ಟಡ ಮಾತ್ರ ಮಾಸಿದ ಬಣ್ಣದಲ್ಲಿ ಹಾಗೇ ನಿಂತಿದೆ. ಲಿಫ್ಟ್ ಇಲ್ಲ. ಮೂರನೇ ಮಹಡಿಯ ಮನೆಯೊಂದು ಮಾರಾಟಕ್ಕಿತ್ತು. ಕೋಣೆಗಳು ದೊಡ್ಡವು, ಅಡುಗೆಮನೆಯ ಕಿಟಕಿ ತೆರೆದರೆ ಒಳ್ಳೆಯ ಗಾಳಿ.

ಬಾಲ್ಕನಿಯಲ್ಲಿ ನಿಂತು ಅವರು ಹೇಳಿದರು: ‘ಇದ ಮನಿ ಹಿಂದಕ ಒಂದ ಸಲ ನೋಡಿದ್ವಿ, ನಾನೂ ಗೌರಿ.’

ನನಗೆ ಮೈಯೆಲ್ಲ ಉರಿಯಿತು. ‘ಅಂದ್ರ ಅಕ್ಕನ ಆಸಿ ತೀರಸಾಕ ನನ್ನ ಇಲ್ಲಿ ತಂದು ಇಡ್ತೀರೇನು?’

‘ಆಕಿ ಆಸಿ ಅಲ್ಲ, ನನ್ನ ಆಸಿ,’ ಎಂದರು. ‘ಆಕಿ ಒಲ್ಲೆ ಅಂದ್ಲು. ಗೂಡಿನಾಗ ಇದ್ದಂಗಿರ್ತತಿ, ನನಗ ನೆಲದ ಮ್ಯಾಲಿನ ಮನೀನ ಸಾಕು ಅಂದ್ಲು. ಜೀವನದಾಗ ಒಂದ ಸಲ ನಾನಾಗೆ ಬಾಯಿಬಿಟ್ಟು ಕೇಳಿದ್ದು. ಅದಕ್ಕೂ ಒಲ್ಲೆ ಅಂದ್ಲು.’

ಅಕ್ಕಾ, ನಿನ್ನ ಮೇಲೆ ಅವರ ಬಾಯಲ್ಲಿ ನಾನು ಕೇಳಿದ ಮೊದಲ ದೂರು ಅದು. ಅಷ್ಟು ವರ್ಷದ ಹಸಿವು ಒಂದೇ ಸಲಕ್ಕೆ ಇಂಗಿದಂತಾಯಿತು. ಲಿಫ್ಟೂ ಬೇಡ, ದಾವಣಗೆರೆ ರಸ್ತೆಯೂ ಬೇಡ. ನೀನು ಒಲ್ಲೆ ಎಂದದ್ದನ್ನು ನಾನು ಒಪ್ಪಬೇಕು, ಅಷ್ಟೇ. ‘ನನಗ ಹಿಡಿಸೇತಿ, ಇದನ್ನ ತಗೊಳ್ಳೂಣು’ ಎಂದೆ. ಅವರು ತಿರುಗಿ ನೋಡಿದ ನೋಟ… ಅದನ್ನು ನಿನಗೆ ಹೇಳುವುದಿಲ್ಲ.

ನೋಂದಣಿಯಾಯಿತು, ಹಾಲು ಉಕ್ಕಿಸಿ ಒಳಗೆ ಬಂದೆವು. ನಿನ್ನ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿ ಹೊಸವು ತಂದೆ. ಕಾವ್ಯ ನೋಡುತ್ತಾ ನಿಂತಿದ್ದಳು. ಕೆಲವು ದಿನ ನಾನು ನಿಜಕ್ಕೂ ಸುಖವಾಗಿದ್ದೆ.

ಆಮೇಲೊಂದು ಸಂಜೆ ಸಂತೆಯಿಂದ ಬರುವಾಗ ಎರಡನೇ ಮಹಡಿಯಲ್ಲಿ ದಣಿವಾರಿಸಿಕೊಳ್ಳಲು ನಿಂತೆ. ಅಲ್ಲಿನ ಮನೆಯ, ನಿನ್ನ ಗುರುತಿನ ಬಸಮ್ಮಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

‘ಗೌರಮ್ಮನೂ ಇಲ್ಲೇ ಕುಂತಿದ್ಲು ನೋಡವಾ,’ ಎಂದಳು. ‘ಮನಿ ನೋಡಾಕ ಬಂದಾಗ. ಗಂಡ ಮ್ಯಾಲ ಮಾತಾಡಕೋಂತ ನಿಂತಿದ್ದ, ಆಕಿ ಮೊದಲ ಇಳದು ಬಂದ್ಲು. ಉಸಿರಾಡಾಕ ಆಗವಲ್ದು, ತುಟಿ ನೀಲಿ ಆಗಿದ್ವು. ನೀರು ಕೊಟ್ಟೆ.’

‘ಮನಿ ಹಿಡಿಸಲಿಲ್ಲಂತಲ್ಲ ಆಕಿಗೆ?’

‘ಯಾರು ಹೇಳಿದ್ರು? ಭಾಳ ಹಿಡಿಸಿತ್ತು. ಅಡಿಗಿಮನಿ ಕಿಟಕಿ ಹೊಗಳಿದ್ದ ಹೊಗಳಿದ್ದು. ಹೃದಯ ಸೋತೈತಿ ಅಂತ ಡಾಕ್ಟ್ರು ಹೇಳ್ಯಾರ ಅಜ್ಜಿ, ಈ ಮೆಟ್ಲ ದಿನಾ ಹತ್ತಾಕ ನನ್ನ ಕೈಲಾಗಂಗಿಲ್ಲ ಅಂದ್ಲು. ಅವರಿಗೆ ಇನ್ನಾ ಹೇಳಿಲ್ಲ, ಹುಡುಗಿ ಹತ್ತನೇ ಕ್ಲಾಸ್ ಪರೀಕ್ಷಿ ಮುಗೀಲಿ, ನೀನೂ ಹೇಳಬ್ಯಾಡ ಅಂತ ಕೈ ಹಿಡಕೊಂಡ್ಲು. ಪರೀಕ್ಷಿ ಮುಗಿಯೂದ್ರೊಳಗ ಆಕೀನ ನಿದ್ದಿಯೊಳಗ ಹೋದ್ಲು, ಕಾರಣ ಯಾರಿಗೂ ತಿಳೀಲಿಲ್ಲ. ಆಮ್ಯಾಲ ಯಾರಿಗೆ ಹೇಳಲಿ?’

ನಾನು ಚೀಲ ಎತ್ತಿಕೊಂಡು ಮೇಲೆ ಬಂದೆ. ಅಳು ಬರಲಿಲ್ಲ ಅಕ್ಕಾ, ಸಿಟ್ಟು ಬಂತು. ಒಲ್ಲೆ ಎಂದದ್ದರಲ್ಲೂ ನೀನೇ ಒಳ್ಳೆಯವಳಾಗಬೇಕಿತ್ತೇ? ನನಗೆಂದು ಸಿಕ್ಕ ಆ ಒಂದು ದೂರನ್ನೂ ಬಿಡಲಿಲ್ಲವಲ್ಲ ನೀನು.

ಅಂದು ಚಹಾ ಕುಡಿಯುತ್ತಾ ಅವರು ಅದೇ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದರು. ‘ಇಷ್ಟು ಗಾಳಿ ಬರ್ತತಿ. ಆಕಿ ಯಾಕ ಒಲ್ಲೆ ಅಂದ್ಲೋ ಏನೋ,’ ಎಂದರು. ದೂರು ಎಂದು ನಾನು ಸಂಭ್ರಮಪಟ್ಟದ್ದು ಅವರೊಳಗೆ ಮುಳ್ಳಾಗಿ ಕೂತಿದೆ ಎಂದು ಆಗ ಕಾಣಿಸಿತು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ‘ಚಹಾ ಆರ್ತತಿ, ಕುಡೀರಿ’ ಎಂದೆ, ಅಷ್ಟೇ.

ಹೇಳಿದರೆ ಅವರು ಮತ್ತೆ ಪೂರ್ತಿ ನಿನ್ನವರಾಗುತ್ತಾರೆ. ಈ ಮನೆಯೂ ನಿನ್ನದಾಗುತ್ತದೆ. ಹೇಳದಿದ್ದರೆ ಆ ಮುಳ್ಳು ಹಾಗೇ ಉಳಿಯುತ್ತದೆ. ನೀನು ಅವರಿಗಾಗಿ ಮುಚ್ಚಿಟ್ಟೆ, ನಾನು ನನಗಾಗಿ ಮುಚ್ಚಿಡುತ್ತಿದ್ದೇನೆ.

ಆದರೂ ಹೇಳುತ್ತೇನೆ ಅಕ್ಕಾ, ಮಾತು ಕೊಟ್ಟೆ. ಆ ಕಿಟಕಿಯ ಹತ್ತಿರವೇ ಅವರನ್ನು ನಿಲ್ಲಿಸಿ ಹೇಳುತ್ತೇನೆ. ಆದರೆ ಈಗಲೇ ಅಲ್ಲ. ಅವರ ಅಷ್ಟು ವರ್ಷ ನಿನ್ನ ಹತ್ತಿರ ಇವೆ. ಇದೊಂದು ವರ್ಷ ನನಗೆ ಬಿಡು.

ಸುಮಂಗಲ