ಸುಗ್ರಾಳ ನೀಲಿ ಸಲವಾರ

ಸಿಂದಗಿ, ೧೨ ನವೆಂಬರ್ ೧೯೭೬, ಶುಕ್ರವಾರ

ಸುಗ್ರಾಳ ಆ ನೀಲಿ ಸಲವಾರ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಖೋಖೋ ಆಡಲಿಕ್ಕೆಂದೇ ಅವಳ ಚಿಕ್ಕಮ್ಮ ಅಮೀನಾಬಿ ಖಾಲಾ ಹೊಲಿದು ಕೊಟ್ಟಿದ್ದಾಳೆ. ಕಾಲ ಹತ್ತಿರ ಇಲಾಸ್ಟಿಕ್ ಇದೆ, ಎಷ್ಟು ಓಡಿದರೂ ತೊಡಕುವುದಿಲ್ಲ. ಇವತ್ತು ಅವಳನ್ನು ಮುಟ್ಟಲು ಯಾರಿಂದಲೂ ಆಗಲಿಲ್ಲ. ನಾನು ಲಂಗ ಕಾಲಿಗೆ ಸಿಕ್ಕಿ ಎಲ್ಲರೆದುರು ಮುಗ್ಗರಿಸಿ ಬಿದ್ದೆ. ಹೋದ ವರ್ಷ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ನಾನು.

"ನೀನೂ ಇಂಥಾದ್ದ ಹೊಲಿಸ್ಕೋ. ಲಂಗಾ ಉಟ್ಕೊಂಡು ಬಂದ್ರ ಮುದ್ದೇಬಿಹಾಳದ ಪಂದ್ಯಕ್ಕ ಕರಕೊಂಡು ಹೋಗಂಗಿಲ್ಲ," ಎಂದರು ಶಾಲೆಯಲ್ಲಿ ಆಟ ಕಲಿಸುವ ಅಕ್ಕೋರು.

ಸುಗ್ರಾ ಓಡಿಬಂದು ಕೈ ಹಿಡಿದಳು. "ನಾಳಿ ಮನಿಗೆ ಬಾ ಕಸ್ತೂರಿ. ಅಳತಿ ಕೊಟ್ರ ಖಾಲಾ ನಿನಗೂ ಹೊಲ್ದು ಕೊಡ್ತಾಳ."

"ನನಗೇನೂ ಬ್ಯಾಡ," ಎಂದು ಕೈ ಕೊಸರಿಕೊಂಡು ಬಂದೆ.

ಮನೆಯಲ್ಲಿ ಅಜ್ಜಿ ನಕ್ಕಳು. "ಸೀರಿ ಉಟ್ಟು ಕಚ್ಚಿ ಹಾಕ್ಕೊಂಡು ಓಡು. ಹೊಲದಾಗ ದನದ ಹಿಂದ ನಾವು ಓಡಿಲ್ಲೇನು?" ತನ್ನ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಡಿಸಿದಳು. ಹಿತ್ತಲಲ್ಲಿ ಓಡಿ ನೋಡಿದೆ. ಒಮ್ಮೆಯೂ ಎಡವಲಿಲ್ಲ. ಆದರೂ ಅಳು ಬಂತು.

ನನಗೆ ಆ ಸಲವಾರವೇ ಬೇಕು. ಅಷ್ಟೇ ಅಲ್ಲ, ಸುಗ್ರಾಳ ಹತ್ತಿರ ಅದು ಇರಲೇಬಾರದು. ನನಗಾಗಿ ಓಡಿಬಂದವಳ ಬಗ್ಗೆ ಹೀಗೆ ಯೋಚಿಸುತ್ತೇನಲ್ಲ! ಪಂದ್ಯಕ್ಕೆ ಹೋಗಬೇಕೆಂದರೆ ನಾಳೆ ಅಳತೆ ಕೊಡಲು ಹೋಗಲೇಬೇಕು. ಅವಳು ಬಾಗಿಲು ತೆಗೆದು ನಕ್ಕರೆ ನಾನು ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ?