ಆಷಾಢದ ಕ್ವಾರ್ಟರ್ ಫೈನಲ್

ಹೊಳೆನರಸೀಪುರ
ಮಂಗಳವಾರ, 1 ಜುಲೈ 2025

ಪ್ರೀತಿಯ ಕವನಾ,

ಶಶಿ ಒಪ್ಪಿಬಿಟ್ಟ ಕಣೇ, ಶ್ರಾವಣ ಹುಟ್ಟುತ್ತಲೇ ನಾನು ಹಾಸನಕ್ಕೆ ಬಂದು ನಿನ್ನ ಸ್ಕೂಲಿನ ಹುಡುಗಿಯರಿಗೆ ಗೋಲ್ ಕಾಯುವುದನ್ನು ಕಲಿಸುತ್ತೇನೆ!

ಅಯ್ಯೋ, ಹೇಗಿದ್ದೀಯ ಎಂದು ಕೇಳುವುದನ್ನೇ ಮರೆತೆ. ಹೇಗಿದ್ದೀಯ? ಹಾಸ್ಟೆಲ್ ಮಕ್ಕಳ ಮುಂದೆ ಫೋನ್ ಮುಟ್ಟುವುದಿಲ್ಲ, ಏನಿದ್ದರೂ ಕಾಗದ ಬರಿ ಎಂದು ನನ್ನ ಮದುವೆಯ ಮಂಟಪದಲ್ಲೇ ಹೇಳಿ ಹೋದೆ. ಆರು ವಾರವಾಯಿತು, ಇದು ಮೊದಲ ಕಾಗದ. ಬೈಯಬೇಡ. ಬೀಗರೂಟ ಮುಗಿದರೆ ನೆಂಟರ ಊಟ, ಅದು ಮುಗಿದರೆ ನೆಂಟರ ನೆಂಟರ ಊಟ. ಚನ್ನರಾಯಪಟ್ಟಣದಲ್ಲಿ ಶಶಿಯ ಸೋದರತ್ತೆ ಮೂರು ದಿನ ಹೋಳಿಗೆ ತಿನ್ನಿಸಿದರು. ಈಗ ನಾನು ಡೈವ್ ಹೊಡೆದರೆ ಚೆಂಡಿಗಿಂತ ಮೊದಲು ನೆಲಕ್ಕೆ ಏಟು ಬೀಳುತ್ತದೆ.

ಆಷಾಢ ಹಿಡಿಯುವ ಹಿಂದಿನ ದಿನ ಅಮ್ಮ ರಾಮನಾಥಪುರದ ಗಂಡನ ಮನೆಗೆ ಬಂದು ನನ್ನನ್ನು ಇಲ್ಲಿಗೆ ಕರೆತಂದಳು. ಈ ತಿಂಗಳು ಹೊಸ ಸೊಸೆ ಮತ್ತು ಅತ್ತೆ ಒಂದೇ ಹೊಸಿಲು ದಾಟಬಾರದಂತೆ, ಅಳಿಯ ಮಾವನ ಮನೆಯ ಹೊಸಿಲು ತುಳಿಯಬಾರದಂತೆ. ಬಸ್ಸಿನಲ್ಲಿ ಕೂತು ಒಂದಿಷ್ಟು ಕಣ್ಣೀರು ಹಾಕಿದೆ. ಆದರೆ ನಿನಗೆ ಮಾತ್ರ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಇತ್ತು. ನನ್ನ ಗಂಡ ದೂರವಿದ್ದಾಗಲೇ ಹೆಚ್ಚು ಹತ್ತಿರ ಬರುತ್ತಾನೆ ಕಣೇ.

ಫೆಬ್ರವರಿಯಲ್ಲಿ ನನ್ನನ್ನು ನೋಡಲು ಬಂದಾಗ ಅವನು ತಾನಾಗಿ ಒಂದು ಮಾತೂ ಆಡಲಿಲ್ಲ. ನಾನೇ "ಫುಟ್‌ಬಾಲ್ ನೋಡ್ತೀರಾ?" ಎಂದೆ. "ಊಂ, ನೋಡ್ತೀನಿ" ಎಂದು ಉಪ್ಪಿಟ್ಟಿನ ತಟ್ಟೆಗೆ ಹೇಳಿದ. ಅಷ್ಟೇ. ಆಮೇಲೆ ಯುರೋಪಿನ ಕಪ್‌ನ ನಾಕೌಟ್ ಶುರುವಾದದ್ದೇ ತಡ, ಅವನ ಮೆಸೇಜುಗಳೂ ಶುರುವಾದವು. ಅಬ್ಬಾ, ಎಂಥ ಮಾತುಗಾರ! ಮದುವೆಯಾದ ಮೇಲೆ ಮಾತ್ರ ಪಕ್ಕದಲ್ಲೇ ಮ್ಯಾಚ್ ಹಾಕಿದರೆ ಹತ್ತು ನಿಮಿಷಕ್ಕೆ ಗೊರಕೆ. ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬಂದವನು, ಪಾಪ, ಎಂದುಕೊಂಡೆ. ಎದುರಿಗೆ ನಾಚಿಕೆ, ಬರೆಯುವಾಗ ಧೈರ್ಯ. ಎಷ್ಟೋ ಜನ ಹಾಗಿರುತ್ತಾರೆ ಅಲ್ಲವಾ?

ಈಗ ಅಮೆರಿಕದಲ್ಲಿ ಜಗತ್ತಿನ ಕ್ಲಬ್ಬುಗಳ ಕಪ್ ನಡೆಯುತ್ತಿದೆಯಲ್ಲ, ಅದರ ನಾಕೌಟ್ ಬಂದಿದೆ, ಸೋತವರು ಮನೆಗೆ. ನನ್ನ ಮಾತುಗಾರನೂ ವಾಪಸ್ಸು ಬಂದ! ಇವತ್ತು ಬೆಳಿಗ್ಗೆ ಆರೂವರೆಗೆ ಮ್ಯಾಂಚೆಸ್ಟರ್ ಸಿಟಿಗೂ ಸೌದಿಯ ಅಲ್ ಹಿಲಾಲ್‌ಗೂ ಇತ್ತು. ಸಿಟಿಯಂಥ ಸಿಟಿ ಎಕ್ಸ್‌ಟ್ರಾ ಟೈಮಿನಲ್ಲಿ ನಾಲ್ಕು–ಮೂರರಿಂದ ಸೋತಿತು! ನನ್ನ ದೋಸೆ ಕಾವಲಿಯ ಮೇಲೆ ಕರಕಲಾಯಿತು. ಹಿಲಾಲ್‌ನ ಗೋಲ್‌ಕೀಪರ್ ಬಗ್ಗೆ ಶಶಿ ಏನು ಬರೆದ ಗೊತ್ತಾ? "ಇವನು ನಮ್ಮ ರಾಮನಾಥಪುರದ ಹೊಳೆ ಮೀನು ಕಣೇ ಚಿನ್ನ, ಎಸೆದ ಪುರಿಯಲ್ಲಿ ಒಂದನ್ನೂ ಬಿಡಲ್ಲ." ನಾನು ಒಬ್ಬಳೇ ನಕ್ಕಿದ್ದು ನೋಡಿ ಅಮ್ಮ "ಮದ್ವೆ ಆದ್ಮೇಲೂ ಎಳೆ ಹುಡ್ಗೀರ ಥರ ಆಡ್ತೀಯಲ್ಲೇ" ಎಂದಳು.

ಆ ಗುಂಗಿನಲ್ಲೇ ಕೇಳಿಬಿಟ್ಟೆ, ನಿನ್ನ ಸ್ಕೂಲಿನ ಕೆಲಸದ ವಿಷಯ. ಒಂದು ನಿಮಿಷಕ್ಕೆ ಉತ್ತರ ಬಂತು: "ಹೋಗು ಚಿನ್ನ. ಮಾರ್ಚಲ್ಲೇ ಮಾತು ಕೊಟ್ಟಿಲ್ವಾ? ಅವ್ವನ್ನ ನಾನು ಒಪ್ಪಿಸ್ತೀನಿ. ನೀನು ಗೋಲ್‌ಪೋಸ್ಟ್ ಬಿಟ್ಟು ಬರಬೇಡ."

ಆ ಕೆಲಸಕ್ಕೆ ಬೇರೆ ಯಾರನ್ನೂ ತೆಗೆದುಕೊಳ್ಳದಂತೆ ನಿಮ್ಮ ಹೆಡ್‌ಮಿಸ್‌ಗೆ ಹೇಳು. ಕಾಲಿಗೆ ಬೇಕಾದರೂ ಬೀಳು!

ನಿನ್ನ ತಲೆಕೆಟ್ಟ ಗೋಲ್‌ಕೀಪರ್,
ಭವ್ಯಶ್ರೀ


ಹೊಳೆನರಸೀಪುರ
ಗುರುವಾರ, 10 ಜುಲೈ 2025

ಪ್ರೀತಿಯ ಕವನಾ,

ಹೆಡ್‌ಮಿಸ್ ಹದಿನಾಲ್ಕರ ಸೋಮವಾರ ಬರಹೇಳಿದ್ದಾರೆ ಎಂಬ ನಿನ್ನ ಕಾಗದ ಶನಿವಾರ ಮಧ್ಯಾಹ್ನವೇ ಕೈ ಸೇರಿತು. ಐದು ದಿನ ಉತ್ತರ ಬರೆಯದೆ ಇಟ್ಟುಕೊಂಡಿದ್ದಕ್ಕೆ ಕ್ಷಮಿಸು. ಆ ಕಾಗದ ಒಂದು ದಿನ ಮೊದಲು ಬಂದಿದ್ದರೆ ಮನೆಯೆಲ್ಲ ಕುಣಿದಾಡುತ್ತಿದ್ದೆ.

ಶನಿವಾರ ಬೆಳಿಗ್ಗೆ ನನ್ನ ಚೆಲ್ಸಿಗೂ ಬ್ರೆಜಿಲ್‌ನ ಪಾಲ್ಮೈರಸ್‌ಗೂ ಕ್ವಾರ್ಟರ್ ಫೈನಲ್. ಆರೂವರೆಯಿಂದ ಶಶಿಯ ಮೆಸೇಜುಗಳು ಒಂದರ ಹಿಂದೆ ಒಂದು. ಎಂಟು ಗಂಟೆಯ ಹೊತ್ತಿಗೆ ಒಂದು–ಒಂದು. ಆಗ ಅತ್ತೆ ಪುಟ್ಟತಾಯಮ್ಮ ತಮ್ಮ ಫೋನಿನಿಂದ ಕರೆ ಮಾಡಿದರು. ಪುಟ್ಟತಾಯಮ್ಮನವರು ಆಷಾಢದಲ್ಲಿ ಹೊಸಿಲು ದಾಟುವುದಿಲ್ಲ, ಫೋನಿನಲ್ಲಿ ದಿನಕ್ಕೆರಡು ಸಲ ದಾಟುತ್ತಾರೆ.

"ನಿಮ್ಮಪ್ಪನ ಮಂಡಿನೋವು ಎಂಗೈತವ್ವ?"

"ಪರವಾಗಿಲ್ಲ ಅತ್ತೆ. ಇವ್ರು ಮನೇಲಿದಾರಾ?"

"ಎಲ್ಲಿ ಮನೆ? ಒಲದಾಗೆ ನನ್ ಮುಂದ್ಲೇ ಅವ್ನಲ್ಲ. ಒತ್ತುಟ್ಟಾಗ್ಲೇ ಬಂದು ಒಗೆಸೊಪ್ಪಿಗೆ ಮಣ್ಣೇರ್ಸ್ತಾವ್ನೆ. ಫೋನು ಮನೇಲೇ ಬಿಟ್ಬಂದವ್ನೆ. ತಕ, ಮಾತಾಡು."

ಶಶಿ "ಏನ್ ಭವ್ಯಾ" ಎಂದ, ಏದುಸಿರು ಬಿಡುತ್ತಾ. ಅದೇ ಕ್ಷಣದಲ್ಲಿ ನನ್ನ ಫೋನು ಕಿವಿಯಲ್ಲಿ ಟಿಣ್ ಎಂದಿತು. ತೆಗೆದು ನೋಡಿದೆ. ಶಶಿಯ ಮೆಸೇಜು. "ಗೋಲ್!! ಅವರ ಗೋಲ್‌ಕೀಪರ್ರೇ ಚೆಂಡನ್ನ ಒಳಗೆ ತಳ್ಳಿಕೊಂಡ! ಸೆಮಿಫೈನಲ್ ನಮ್ದೇ ಚಿನ್ನ!"

"ಸ್ಕೋರ್ ಎಷ್ಟಾಯ್ತು?" ಎಂದು ಕೇಳಿದೆ.

"ಯಾವ ಸ್ಕೋರು?"

"ಮ್ಯಾಚಿನ ಸ್ಕೋರು ರೀ."

"ಈ ಒತ್ನಲ್ಲಿ ಯಾರಾಡ್ತಾರೆ ಮ್ಯಾಚ? ಮಳೆ ಬರಂಗದೆ, ಆಮೇಲೆ ಮಾಡ್ತೀನಿ ತಡಿ."

ಕವನಾ, ಟೀವಿಯಲ್ಲಿ ಚೆಲ್ಸಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಾನು "ನೀನು ಯಾರು?" ಎಂದು ಮೆಸೇಜು ಕಳಿಸಿದೆ. ಓದಿದ ನೀಲಿ ಗುರುತು ಮಾತ್ರ ಬಂತು.

ಭಾನುವಾರ ಶಶಿ ಬೈಕಿನಲ್ಲಿ ಬಂದ. ಮನೆಯೊಳಗೆ ಬರುವಂತಿಲ್ಲವಲ್ಲ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ ನನ್ನನ್ನು ಕರೆದ. ಜೊತೆಯಲ್ಲಿ ಅವನ ಸ್ನೇಹಿತ ರಜನೀಶ್. ನೀನೂ ನೋಡಿದ್ದೀಯ, ಅರಕಲಗೂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಮಂಟಪದಲ್ಲಿ ಶಶಿಯ ಬಾಸಿಂಗ ಜಾರಿದಾಗಲೆಲ್ಲ ಎತ್ತಿ ಕಟ್ಟುತ್ತಿದ್ದವನು. ಅವನು ಒಳಗೆ ಬರಲಿಲ್ಲ, ಬೈಕಿನ ಪಕ್ಕದಲ್ಲೇ ನಿಂತ.

ಶಶಿ ನನಗೆ ಮಸಾಲೆ ದೋಸೆ ಹೇಳಿ, ತನ್ನ ಚಟ್ನಿಯನ್ನೂ ನನ್ನ ತಟ್ಟೆಗೆ ಸುರಿದು, ಶುರುಮಾಡಿದ.

"ಇದ್ರಾಗೇನು ತಪ್ಪಾಯ್ತು ಏಳು. ನೋಡಾಕೆ ಬಂದ್ ದಿನ ಫುಟ್ಬಾಲ್ ನೋಡ್ತೀರಾ ಅಂದ್ಬುಟ್ಟೆ. ಇಲ್ಲ ಅಂದಿದ್ರೆ ನೀನೊಪ್ತಿದ್ದಾ? ನೀನು ಇಂಗ್ಲೀಸ್ ಮೀಡಿಯಮ್ಮು. ನಂಗೆ ಕಬಡ್ಡಿ ಬಿಟ್ರೆ ಬ್ಯಾರೆ ಆಟ ಗೊತ್ತಿಲ್ಲ, ಬರಿಯಾಕಂತೂ ಮೊದ್ಲೇ ಬರಾಕಿಲ್ಲ. ರಜನಿಗೆ ಎಲ್ಲಾ ಗೊತ್ತು. ನನ್ ವಾಟ್ಸಾಪ್‌ನ ಅವ್ನ ಅಂಗ್ಡಿ ಕಂಪ್ಯೂಟ್ರಿಗೂ ಆಕ್ಕಂಡು ನೀನೇ ಬರ್ದು ನೋಡ್ಕಳ್ಲಾ ಅಂದೆ."

"ಫೆಬ್ರವರಿಯಿಂದಲೂ?"

"ಊಂ."

"ನಾನು ಬರೆದಿದ್ದೆಲ್ಲ ನಿಮ್ಮ ಫೋನಿಗೂ ಬರ್ತಿತ್ತಲ್ಲ, ಓದ್ಲಿಲ್ವಾ?"

"ಅಸ್ಟಸ್ಟುದ್ದ ಎಂಗಮ್ಮಿ ಓದಾದು? ಮ್ಯಾಚಿಂದು ಅಂತ ಬಿಟ್ಬುಡ್ತಿದ್ದೆ."

ನಿನಗೆ ಗೊತ್ತಲ್ಲ, ನಾನು ಎಷ್ಟುದ್ದ ಬರೆಯುತ್ತೇನೆ ಎಂದು. ಅಪ್ಪನ ಆಪರೇಷನ್ ದಿನದ ಭಯ, ಯೂನಿವರ್ಸಿಟಿ ಟೀಮಿನಿಂದ ನನ್ನನ್ನು ಕೈಬಿಟ್ಟಾಗ ನಿನಗೂ ಹೇಳದೆ ಬಾತ್‌ರೂಮಿನಲ್ಲಿ ಅತ್ತಿದ್ದು, ಮದುವೆಯ ಹಿಂದಿನ ವಾರ ಏನೇನು ಹೆದರಿಕೆಯಾಗುತ್ತಿತ್ತು ಎಂಬುದು, ಎಲ್ಲವನ್ನೂ ಹಾಫ್‌ಟೈಮಿನ ಹದಿನೈದು ನಿಮಿಷಗಳಲ್ಲಿ ಸುರಿದಿದ್ದೆ. ಗಂಡನ ಜೇಬಿನಲ್ಲಿ ಅದು ಬಿದ್ದಿತ್ತು, ಓದಿದವನು ಬೇರೆ.

ಕೆಲಸದ ಮಾತೆತ್ತಿದೆ. ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. "ಯಾವ್ ಕೆಲ್ಸ?" ಎಂದವನು, ಹೊರಗೆ ತಿರುಗಿ, "ಲೇ ರಜನಿ, ಬಾ ಇಲ್ಲಿ. ಏನ್ಲಾ ಅದು ಕೆಲ್ಸ?" ಎಂದು ಕೂಗಿದ. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ರಜನೀಶ್ ಬಂದು, ನನ್ನ ಕಡೆ ನೋಡದೆ, ಉಪ್ಪಿನ ಡಬ್ಬಿ ತಿರುಗಿಸುತ್ತಾ ಹೇಳಿದ: "ಮಾರ್ಚಲ್ಲಿ ಲಿವರ್‌ಪೂಲ್ ಪೆನಾಲ್ಟಿನಾಗೆ ಸೋತಿದ್ ದಿನ, ಇವ್ರು ಮದ್ವೆನೇ ಬ್ಯಾಡ, ಹಾಸನದ ಸ್ಕೂಲಲ್ಲಿ ಕೆಲ್ಸಕ್ಕೋಗ್ತೀನಿ ಅಂತ ಬರದ್ರು ಕಣ್ಲಾ. ಪತ್ರಿಕೆ ಬೇರೆ ಪ್ರಿಂಟ್ ಆಗಿತ್ತು. ಎಲ್ಲಿ ಮುರಿದೋಯ್ತದೋ ಅಂತ, ಮದ್ವೆ ಆದ್ಮೇಲೆ ಓಗೀವ್ರಂತೆ ಅಂದ್ಬುಟ್ಟೆ. ಮೊನ್ನೆ ತಿರ್ಗಾ ಕೇಳುದ್ರು. ಒಂದ್ ಸಲ ಊಂ ಅಂದ್ಮೇಲೆ ಎಂಗೆ ಇಲ್ಲ ಅನ್ನಾದು?" ಆಮೇಲೆ ಡಬ್ಬಿ ಕೆಳಗಿಟ್ಟು, "ಸಾರಿ ಕಣಕ್ಕಾ" ಎಂದ.

ಅಕ್ಕ! ಐದು ತಿಂಗಳು ಚಿನ್ನ ಎಂದು ಬರೆದವನು.

ಶಶಿ ಗಟ್ಟಿಯಾಗಿ ನಕ್ಕುಬಿಟ್ಟ. "ನೋಡ್ದಾ ಭವ್ಯಾ, ನಮ್ ಮದ್ವೆ ಉಳಿಸ್ದೋನೇ ಇವ್ನು! ಕೆಲ್ಸ ಗಿಲ್ಸ ಬ್ಯಾಡ ಬಿಡು. ಇನ್ನೇನು ಒಗೆಸೊಪ್ಪು ಕುಯ್ದು ಬೇಯ್ಸೋ ಕಾಲ ಬತ್ತದೆ, ಮನೇಲಿ ಕೈ ಬೇಕು. ಅವ್ವ ಒಪ್ಪಾಕಿಲ್ಲ."

ಅವನು ಕೆಟ್ಟವನಲ್ಲ ಕವನಾ, ಅದೇ ನನಗೆ ಬಂದಿರುವ ಕಷ್ಟ. ಕೆಟ್ಟವನಾಗಿದ್ದರೆ ಅಮ್ಮನಿಗೆ ಹೇಳುವುದು ಸುಲಭವಾಗುತ್ತಿತ್ತು. ಅಮ್ಮ ಎಲ್ಲ ಕೇಳಿ, "ಕುಡಿಯಲ್ಲ, ಹೊಡಿಯಲ್ಲ. ಗಂಡ ಮೆಸೇಜ್ ಬರೀಲಿಲ್ಲ ಅಂತ ಯಾವಳಾದ್ರೂ ತವರಲ್ಲಿ ಕೂರ್ತಾಳಾ? ನಿಮ್ಮಪ್ಪ ಮೂವತ್ತು ವರ್ಷದಲ್ಲಿ ನಂಗೆ ಏನ್ ಬರ್ದವ್ರೆ, ದಿನಸಿ ಚೀಟಿ ಬಿಟ್ರೆ?" ಎಂದಳು. ಪೇಪರ್ ಹಿಂದಿನಿಂದ ಅಪ್ಪ, "ಅದ್ರಲ್ಲೂ ತೊಗರಿಬೇಳೆ ಬಿಟ್ಟಿದೀನಿ ಅಂತ ಬೈಸ್ಕೊಂಡಿದೀನಿ" ಎಂದರು. ಇಬ್ಬರೂ ನಕ್ಕರು. ನನಗೂ ನಗು ಬಂತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಮರುದಿನ ಸೋಮವಾರ ನಾನೇ ಅತ್ತೆಗೆ ಫೋನ್ ಮಾಡಿದೆ. ಕೆಲಸಕ್ಕೆ ಹೋಗುತ್ತೇನೆ, ಅದಕ್ಕೆ ಒಪ್ಪಿದ್ದರಿಂದಲೇ ನಿಮ್ಮ ಮನೆಗೆ ಬಂದೆ, ಎಂದು ನಿಧಾನವಾಗಿ ಹೇಳಿದೆ.

"ನನ್ ಕೇಳ್ದೆ ಯಾರವ್ವ ನಿಂಗೆ ಮಾತ್ ಕೊಟ್ಟೋರು? ನನ್ ಮಗ ಕೊಟ್ನಾ?"

"ಇಲ್ಲ ಅತ್ತೆ. ರಜನೀಶ್."

ಅಷ್ಟರಲ್ಲಿ ಮಗ ಹೇಳಿರಬೇಕು, ಅವರಿಗೆ ಎಲ್ಲ ಗೊತ್ತಿತ್ತು. "ಅಂಗಾರೆ ಶ್ರಾವಣಕ್ಕೆ ಇಲ್ಗ್ಯಾಕ್ ಬತ್ತೀಯೆ, ಮಾತು ಕೊಟ್ಟೋನ್ ಮನೆಗೇ ಓಗು" ಎಂದು ಫೋನ್ ಇಟ್ಟರು.

ನಾನು ಇಲ್ಲಿಂದಲೇ ದಿನಾ ಹಾಸನಕ್ಕೆ ಓಡಾಡುತ್ತೇನೆ. ಶ್ರಾವಣದಲ್ಲಿ ಅವರು ಕರೆಯಲು ಬಂದರೆ, ಸಂಜೆ ಪ್ರ್ಯಾಕ್ಟೀಸ್ ಮುಗಿಸಿ ಬರುವವರೆಗೆ ಜಗಲಿಯ ಮೇಲೆ ಕೂತಿರಲಿ. ಬರದಿದ್ದರೆ ಬೇಡ. ಶಶಿಗೂ ಇದನ್ನೇ ಮೆಸೇಜಿನಲ್ಲಿ ಬರೆದೆ, ಒಂದೇ ಸಾಲಿನಲ್ಲಿ, ಅವನು ಓದಲಿ ಎಂದು. ಅದನ್ನೂ ಮೊದಲು ಆ ಅಂಗಡಿಯಲ್ಲೇ ಓದಿದರೋ ಏನೋ.

ನಿನ್ನ ಹುಡುಗಿಯರಿಗೆಲ್ಲ ನನ್ನ ಮುದ್ದು ಹೇಳು. ಅವರ ಮಂಡಿಗಳು ಗಟ್ಟಿಯಾಗಿರಲಿ, ಅವರ ಕೈಗೆ ಚೆಂಡು ಸಿಗಲಿ. ನೀನು ತಣ್ಣಗಿರು.

ನಿನ್ನ,
ಭವ್ಯಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಅತ್ತೆ ಆಡಿದ್ದು ಎಂಥ ಹೊಲಸು ಮಾತು ಎಂದು ಅಮ್ಮನ ಮುಂದೆ ಕೂಗಾಡಿದೆ. ಆದರೆ ಮೊನ್ನೆ ರಾತ್ರಿ ಚೆಲ್ಸಿಯ ಸೆಮಿಫೈನಲ್ ನಡೆಯುವಾಗ ಟೀವಿ ಹಾಕದೆ, ಫೋನನ್ನು ಮಡಿಲಲ್ಲಿಟ್ಟುಕೊಂಡು, ಮ್ಯಾಚ್ ಮುಗಿಯುವ ಹೊತ್ತಿನವರೆಗೂ ಕೂತಿದ್ದೆ ಕಣೇ. ಒಂದು ಮೆಸೇಜೂ ಬರಲಿಲ್ಲ. ಬಂದಿದ್ದರೆ ಉತ್ತರ ಬರೆಯುತ್ತಿದ್ದೆ. ಅದು ಶಶಿಗಾಗಿರುತ್ತಿರಲಿಲ್ಲ. ಮಂಟಪದಲ್ಲಿ ನನ್ನ ಗಂಡ ನನ್ನಿಂದ ಎರಡು ಅಡಿ ದೂರದಲ್ಲಿ ಬಾಸಿಂಗ ಸರಿಮಾಡುತ್ತಾ ನಿಂತಿದ್ದ, ನಾನು ತಾಳಿ ಕಟ್ಟಿಸಿಕೊಂಡದ್ದು ಬೇರೆಯವನಿಂದ ಎಂದು ಆ ಕತ್ತಲಲ್ಲಿ ಅನ್ನಿಸಿತು. ಇದನ್ನು ಯಾರಿಗೂ ಹೇಳಬೇಡ, ನನ್ನೆದುರಿಗೂ ಎತ್ತಬೇಡ. ಓದಿ ಹರಿದು ಹಾಕು.

ಸೋಮವಾರ, ಹದಿನಾಲ್ಕನೇ ತಾರೀಖು, ಮೈಸೂರಿನಿಂದ ಅರಸೀಕೆರೆಗೆ ಹೋಗುವ ಬೆಳಗಿನ ಪ್ಯಾಸೆಂಜರ್‌ನಲ್ಲಿ ಹಾಸನಕ್ಕೆ ಬಂದಿಳಿಯುತ್ತೇನೆ.