ನಾಲ್ಕು ರನ್ ಬಾಕಿ

ಚೆಸ್ಟರ್‌ಫೀಲ್ಡ್
ಶುಕ್ರವಾರ, ಆಗಸ್ಟ್ 30, 1957

ನನ್ನ ಕೋಪಿಷ್ಠೆ ವಿನ್ನಿಗೆ,

ಸ್ಕೆಗ್ನೆಸ್‌ನ ಸಮುದ್ರದ ಗಾಳಿ ನಿನಗೆ ಚೆನ್ನಾಗಿ ಹಿಡಿಸಿದೆಯೆಂದು ನಿನ್ನ ಅಕ್ಕ ಗ್ಲಾಡಿಸ್ ಬರೆದಿದ್ದಾಳೆ. ನಾನು ಕೇಳಿದ್ದು ನೀನು ಯಾವಾಗ ಬರುತ್ತೀಯೆಂದು, ಅವಳು ಬರೆದದ್ದು ಗಾಳಿಯ ವಿಷಯ. ಇರಲಿ. ನೀನು ಮುನಿಸಿಕೊಂಡು ಅವಳ ಮನೆಗೆ ಹೋಗಿ ಹದಿನೈದು ವಾರವಾಯಿತು. ಈ ವರ್ಷವೂ ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ನಾನು ಟಾಂಟನ್ನಿನಲ್ಲಿ ಆಡುತ್ತಿದ್ದದ್ದು ನಿಜ. ಹೋದ ವರ್ಷ ಹೋವ್‌ನಲ್ಲಿದ್ದೆ, ಅದರ ಹಿಂದಿನ ವರ್ಷ ಎಲ್ಲಿದ್ದೆನೋ ನೆನಪಿಲ್ಲ. ಬೇಸಿಗೆಯಿಡೀ ವಾರಕ್ಕೆ ಆರು ದಿನ ಆಡುವವನನ್ನು ಕಟ್ಟಿಕೊಂಡದ್ದು ನಿನ್ನದೇ ತಪ್ಪು ಎಂದು ಅಂದಿದ್ದೆ. ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ನೀನು ಹೊರಟಾಗ ಬಾಗಿಲಲ್ಲಿ ನಿಂತು, "ಈ ಸಲ ಸಾವಿರ ರನ್ ಆಗ್ಲಿಲ್ಲ ಅಂದ್ರೆ ಬ್ಯಾಟ್ ಬಿಟ್ಟು ನಿಮ್ಮಪ್ಪನ ಮೀನಂಗಡೀಲಿ ನಿಂತ್ಕೋತೀನಿ ಕಣೇ" ಎಂದು ಮಾತು ಕೊಟ್ಟಿದ್ದೆ. "ಎಂಬತ್ತು ವರ್ಷ ಆದ್ರೂ ಹೆಂಗೋ ಸಾವಿರ ಹೊಡ್ಕೋತೀಯ ಬಿಡು, ಮುದುಕಪ್ಪ" ಎಂದು ನೀನು ಪೆಟ್ಟಿಗೆ ಎತ್ತಿಕೊಂಡೆ. ಸಾವಿರವಾದರೆ ಕೌಂಟಿ ತಂಡದವರು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಈ ಮೂವತ್ತೊಂಬತ್ತರ ಮೊಣಕಾಲಿಗೆ ನಮಸ್ಕಾರ ಎನ್ನುತ್ತಾರೆ. ಅದು ನಿನಗೂ ಗೊತ್ತಿತ್ತು.

ಇವತ್ತು ಕೊನೆಯ ಆಟ, ಕೊನೆಯ ಇನ್ನಿಂಗ್ಸ್. ಊಟದ ಹೊತ್ತಿಗೆ ಈ ಬೇಸಿಗೆಯ ಒಟ್ಟು ಲೆಕ್ಕದಲ್ಲಿ ಒಂಬೈನೂರ ತೊಂಬತ್ತಾರಕ್ಕೆ ಬಂದಿದ್ದೆ. ಹಂದಿಮಾಂಸದ ಪೈಯನ್ನು ತಟ್ಟೆಯಲ್ಲೇ ಬಿಟ್ಟೆ. ನನ್ನ ಪಾಲಿನದನ್ನೂ ಅಂಪೈರ್ ಏಮೊಸನೇ ತಿಂದ.

ಚೆಂಡು ಬ್ಯಾಟಿಗೆ ಸವರಿ ಕೀಪರ್ ಕೈ ಸೇರಿದರೆ ನಾನು ಅಂಪೈರ್ ಮುಖ ನೋಡುವವನಲ್ಲ, ನಾನಾಗಿಯೇ ಹೊರಟುಬಿಡುತ್ತೇನೆ. ಹನ್ನೆರಡು ಬೇಸಿಗೆಯಿಂದ ಹಾಗೇ. ಸಿಡ್ ನಿಂತರೆ ನಾಟೌಟ್, ನಡೆದರೆ ಔಟ್ ಎಂದು ಅಂಪೈರುಗಳೆಲ್ಲ ಕಣ್ಣು ಮುಚ್ಚಿ ನಂಬುತ್ತಾರೆ. ಊಟವಾದ ಮೇಲಿನ ಮೂರನೆಯ ಚೆಂಡಿಗೆ ಕೀಪರ್ ಕೂಗಿದ. ಏಮೊಸ್ ತಲೆಯಾಡಿಸಿ ನಾಟೌಟ್ ಅಂದ. ನಾನು ಗ್ಲೌಸ್ ಬಿಚ್ಚಿಕೊಂಡು ನಡೆದುಬಿಟ್ಟೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ವಿನ್ನಿ. ಏಮೊಸನ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು. ಚಹಾದ ಹೊತ್ತಿಗೆ ಬಂದು, "ನಂಗೆ ಚೂರೂ ಸದ್ದು ಕೇಳಿಸ್ಲಿಲ್ವಲ್ಲೋ ಸಿಡ್. ಸೋಮವಾರ ಡಾಕ್ಟ್ರಿಗೆ ಕಿವಿ ತೋರಿಸ್ಬೇಕು" ಎಂದು ಪೇಚಾಡಿದ. ಕೀಪರ್ ಮಾತ್ರ, "ನಾನು ಆಗ್ಲೇ ಬಡ್ಕೊಂಡಿರ್ಲಿಲ್ವಾ" ಎಂದು ಬೀಗಿದ.

ಸಂಜೆ ಕೌಂಟಿಯ ಕಾರ್ಯದರ್ಶಿಗಳು ಕರೆಸಿದರು. ಕಣ್ಣಲ್ಲಿ ನೀರು ಬೇರೆ. "ನಿನ್ನಂಥೋರಿಂದಾನೇ ಕಣಯ್ಯ ಈ ಆಟಕ್ಕೆ ಮರ್ಯಾದೆ. ಸಾವಿರ ಆಗ್ದಿದ್ರೆ ಕತ್ತೆಬಾಲ. ಇನ್ನೆರಡು ವರ್ಷ ಆಡು" ಎಂದು ಕಾಗದ ಮುಂದಿಟ್ಟರು. ಒಂದಲ್ಲ, ಎರಡು ವರ್ಷ! ನಾನು ಕಾಗದವನ್ನು ಒಂದು ಸಲ ಓದಿದೆ. ಎರಡು ಸಲವೇ ಓದಿದೆ, ನಿನ್ನ ಹತ್ತಿರ ಯಾಕೆ ಸುಳ್ಳು. ಪೆನ್ನು ಕೈಗೂ ಬಂದಿತ್ತು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, "ಇಲ್ಲ ಸರ್, ಮೀನು ಕರಿಯೋಕೆ ಹೋಗ್ಬೇಕು" ಎಂದೆ. ಪಾಪ, ನನಗೆ ಬಿಸಿಲು ತಾಗಿದೆ ಎಂದುಕೊಂಡು ನೀರು ತರಿಸಿದರು.

ಮನೆ ನೀನಿಲ್ಲದೆ ಭಣಗುಡುತ್ತಿದೆ. ನನಗೆ ನಿನ್ನ ನೆನಪು ಬಹಳ ಆಗುತ್ತದೆ. ನಾಳೆ ಸಂಜೆಯ ರೈಲಿಗೆ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇನೆ. ಬರದಿದ್ದರೆ ಭಾನುವಾರದ ರೈಲಿಗೂ ಕಾಯುತ್ತೇನೆ.

ಇಂತು ನಿನ್ನ,
ಸಿಡ್ ಪಿಕರ್ಸ್‌ಗಿಲ್

ವಿ.ಸೂ.: ಏಮೊಸನ ಕಿವಿ ಚೆನ್ನಾಗಿಯೇ ಇದೆ. ಚೆಂಡು ಬ್ಯಾಟಿನಿಂದ ಗೇಣುದ್ದ ಆಚೆ ಹೋಗಿತ್ತು. ನಾಲ್ಕು ರನ್ ಹೊಡೆದಿದ್ದರೆ ನೀನು ಬರುತ್ತಿರಲಿಲ್ಲ, ಅಷ್ಟೇ. ಯಾರಿಗೂ ಹೇಳಬೇಡ. ಈ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ನನ್ನ ಸತ್ಯಸಂಧತೆಯ ಮೇಲೆ ಉಪದೇಶ ಮಾಡುತ್ತಾರಂತೆ, ಮುಂದಿನ ಸಾಲಿನಲ್ಲಿ ಕೂರಬೇಕಂತೆ. ಪಕ್ಕದಲ್ಲಿ ಕೂತು ನನ್ನ ತೊಡೆ ಚಿವುಟುವುದಕ್ಕಾದರೂ ಬಾ.